ಖಾಲಿ ಹಾಲ್ ನೋಡಿ ಏನ್ ಮಾಡ್ತೀರಿ, ಊಟ ನಡದಾಗ ಹೋಗಿ ನೋಡ್ರಿ

ಮದುವಿಗೆ ಇನ್ನ ಮೂರ್ನಾಕ ವಾರ ಐತಿ ಅನ್ನೋದ್ರಾಗ ಮನ್ಯಾಗ ಯಾರರೆ ಒಬ್ರು "ಕಡೀಕ ಒಮ್ಮೆ ಹೋಗಿ ಮಂಗಲ ಕಾರ್ಯಾಲಯ ನೋಡ್ಕೊಂಡ ಬರೋಣ ನಡೀರಿ" ಅಂತಾರ. ಆಮ್ಯಾಲ ಆಗೋದು ನಮ್ಮ ಕಡೆ ಎಲ್ಲಾರ ಮನ್ಯಾಗೂ ಒಂದ. ಬಿಸಲ ಇಳದ ಮ್ಯಾಲ ಎರಡ ಬೈಕ್‌ನ್ಯಾಗ ನಾಕ ಮಂದಿ ಗಂಡಸರು ಹೋಗ್ತಾರ, ಡೆಕೋರೇಶನ್ ಹುಡುಗನ್ನ ಅಲ್ಲೇ ಕರಸ್ತಾರ, ಅಂವ ಮೊಬೈಲ್‌ನ್ಯಾಗ ಯಾವ್ದೋ ಊರಿನ ಸ್ಟೇಜಿನ ಫೋಟೋ ತೋರಸ್ತಾನ, ಇವ್ರು ಹ್ಞೂಂ ಹ್ಞೂಂ ಅಂತಾರ, ಮ್ಯಾನೇಜರ್ ಚಾ ತರಸ್ತಾನ, ಮುಗೀತು. ಮನಿಗೆ ಬಂದು "ಎಲ್ಲಾ ಫಸ್ಟ್‌ಕ್ಲಾಸ್ ಐತಿ". ಏನ್ ನೋಡಿ ಬಂದ್ರಿ ಅಂದ್ರ ಎಲ್‌ಇಡಿ ವಾಲ್ ನೋಡಿ ಬಂದೀವಿ. ಹೆಣಮಕ್ಕಳ ಸಂಡಾಸ ಎಷ್ಟ ಅದಾವು ಅಂದ್ರ ಒಬ್ಬರ ಮಾರಿ ಒಬ್ರು ನೋಡ್ತಾರ.

ನನ್ನ ತಂಗಿ ಮಗಳ ಮದುವಿ ಮೇ ತಿಂಗಳ ಮೊದಲನೇ ವಾರ, ವಿಜಯಪುರದಾಗ, ಸೊಲ್ಲಾಪುರ ರೋಡ್ ಕಡೆ ಒಂದ ಹಾಲ್. ಈ ಸಲ ನಾ ಸ್ವಲ್ಪ ಹಟಾ ಹಿಡದೀನಿ. ಖಾಲಿ ಹಾಲ್ ನೋಡಾಕ ನಾ ಬರಂಗಿಲ್ಲ, ಅಲ್ಲಿ ಬ್ಯಾರೆವ್ರ ಮದುವಿ ನಡದಾಗ, ಅದೂ ಮಧ್ಯಾಹ್ನ ಊಟದ ಹೊತ್ತಿಗೆ, ಅಡಗಿಯವ್ರನ್ನ ಕರಕೊಂಡು ಹೋಗೋಣ ಅಂತ. ಮನ್ಯಾಗ ಎಲ್ಲಾರೂ ನಕ್ಕರು. ಮಂದಿ ಮದುವಿಗೆ ಕರೀಲಾರದ ಹೋಗೂದಾ ಅಂತ.

ಹೋಗಬೇಕ್ರಿ. ಖಾಲಿ ಹಾಲ್ ಯಾವ್ದರೆ ಕೆಟ್ಟ ಕಾಣಿಸೇತೇನು? ಫರಶಿ ಒರಸಿಟ್ಟಿರತೈತಿ, ಕುರ್ಚಿ ಒಂದರ ಮ್ಯಾಲ ಒಂದ ಇಟ್ಟಿರ್ತಾರ, ಫ್ಯಾನ್ ಹಾಕಿದ್ರ ತಂಪ ಗಾಳಿ. ಮದುವಿ ದಿನ ಸಾವಿರ ಮಂದಿ ಒಳಗ ಬಂದ ಮ್ಯಾಲ, ಹೊರಗ ನಮ್ಮ ವಿಜಯಪುರದ ಮೇ ತಿಂಗಳ ನಲವತ್ತ ಡಿಗ್ರಿ ಬಿಸಲ ಇದ್ದಾಗ, ಅದ ಹಾಲ್ ಹೆಂಗಿರತೈತಿ ಅನ್ನೋದು ಗೊತ್ತಾಗಬೇಕಂದ್ರ ಮಂದಿ ತುಂಬಿದಾಗ ನಿಂತ ನೋಡಬೇಕು. ಈ ವರ್ಷ ಅಂತೂ ಅದಕ್ಕೇನೂ ಕಷ್ಟ ಇಲ್ಲ. 2026ರಾಗ ಅಧಿಕ ಜ್ಯೇಷ್ಠ ಬಂದೈತಿ, ಮೇ 17ರಿಂದ ಜೂನ್ 15ರ ತನಕ ಅಧಿಕ ಮಾಸ, ಮದುವಿ ಇಲ್ಲ. ಅದು ಮುಗದ ಮ್ಯಾಲ ನಿಜ ಜ್ಯೇಷ್ಠ, ಅದರ ಬೆನ್ನ ಹಿಂದ ಆಷಾಢ. ಹಿಂಗಾಗಿ ವೈಶಾಖದಾಗ ಮುಹೂರ್ತ ಇದ್ದದ್ದ ದಿನಾ ಎಲ್ಲಾ ಹಾಲ್ ಫುಲ್. ಮ್ಯಾನೇಜರ್‌ಗೆ ಮೊದಲ ಫೋನ್ ಮಾಡಿ ಕೇಳ್ರಿ, ಹಿಂದಿನ ಬಾಗಲಕ್ಕ ಹೋಗಿ ಒಂದ ತಾಸ ಸುಮ್ಮ ನಿಂದರ್ರಿ. ನಮ್ಮ ಕಡೆ ಮಂದಿ ನಿಮ್ಮನ್ನ ಉಣ್ಣಲಾರದ ಬಿಡಂಗಿಲ್ಲ, ಯಾರೋ ಒಬ್ರು "ಬರ್ರಿ ಅಕ್ಕಾರ, ಪಂಕ್ತಿ ಹಾಕೇವಿ" ಅಂತ ಕೈ ಹಿಡದ ಎಳೀತಾರ, ಪರ್ಸ್‌ನ್ಯಾಗ ನೂರಾ ಒಂದ ರೂಪಾಯಿ ಆಯೇರಿ ಇಟ್ಕೊಂಡ ಹೋದ್ರ ಮಾನಾ ಉಳೀತೈತಿ.

ಮದುಮಕ್ಕಳ ಮ್ಯಾಲ ಅಕ್ಕಿಕಾಳು ಬಿದ್ದ ಕೂಡ್ಲೆ ಏನಾಗತೈತಿ ನೋಡ್ರಿ ಅಲ್ಲಿ. ಭಟ್ಟರು ಇನ್ನೂ ಮಂತ್ರಾ ಹೇಳಾಕತ್ತಿರ್ತಾರ, ಅರ್ಧಾ ಹಾಲ್ ಎದ್ದು ಊಟದ ಕಡೆ ಹೊಂಟಿರತೈತಿ. ಊಟದ ಹಾಲ್ ಕೆಳಗಿದ್ರ ಎಲ್ಲಾರೂ ಒಂದ ಪಾವಟಗಿ ಮ್ಯಾಲ. ಆ ಪಾವಟಗಿ ಎಷ್ಟ ಅಗಲ ಐತಿ, ಹಿಡ್ಕೊಳಾಕ ಕಂಬಿ ಐತೋ ಇಲ್ಲೋ, ಮೊಳಕಾಲ ನೋವಿದ್ದವ್ರು ಎಲ್ಲಿಂದ ಇಳೀಬೇಕು ಅನ್ನೋದು ಸಂಜಿ ಐದಕ್ಕ ಹೋದವ್ರಿಗೆ ಕಾಣಂಗಿಲ್ಲ. ಲಿಫ್ಟ್ ಐತಿ ಅಂತಾರ, ಐತಿ, ಅದರಾಗ ಕುರ್ಚಿ ತುಂಬಿಟ್ಟಿರ್ತಾರ.

ಆಮ್ಯಾಲ ಲೆಕ್ಕ. ಒಂದ ಪಂಕ್ತಿಗೆ ಇನ್ನೂರೈವತ್ತ ಮಂದಿ ಕುಂದರ್ತಾರ ಅಂತ ಇಟ್ಕೋರಿ. ಸಾವಿರ ಮಂದಿಗೆ ನಾಕ ಪಂಕ್ತಿ. ಬಡಸಿ, ಉಂಡು, ಎಲಿ ಎತ್ತಿ, ಟೇಬಲ್ ಒರಸಿ ಮತ್ತ ಕುಂದರಸಾಕ ಒಂದಕ್ಕ ಮುಕ್ಕಾಲ ತಾಸ ಹಿಡೀತೈತಿ. ಹನ್ನೆರಡೂವರಿಗೆ ಅಕ್ಕಿಕಾಳ ಅಂದ್ರ ಕಡೇ ಪಂಕ್ತಿ ಏಳೂದು ಮೂರೂವರಿ ಹತ್ರ. ಆ ಕಡೇ ಪಂಕ್ತ್ಯಾಗ ಯಾರಿರ್ತಾರ? ಮನಿ ಹೆಣಮಕ್ಕಳು, ಬಡಸಿದ ಹುಡುಗೂರು. ಹುಗ್ಗಿ ತಳಾ ಹತ್ತಿರತೈತಿ, ಎಣಗಾಯಿದು ಬರೇ ರಸ. ಹಾಲ್‌ನವರ ಕಾಗದದಾಗ ನೋಡಿದ್ರ "ನಾಕಕ್ಕ ಖಾಲಿ ಮಾಡಬೇಕು" ಅಂತ ಬರದಿರತೈತಿ, ಯಾಕಂದ್ರ ಸಂಜಿ ಇನ್ನೊಬ್ಬರ ರಿಸೆಪ್ಶನ್. ಆ ಅರ್ಧಾ ತಾಸಿನ್ಯಾಗ ರುಕ್ವತ (ಹೆಣ್ಣಿನ ಕಡೆಯವ್ರು ಕೊಡೋ ತಿಂಡಿ, ಸಾಮಾನು), ಭಾಂಡೆ ಸಾಮಾನು, ಆಯೇರಿ ಗಂಟು, ಬೀಗರನ್ನ ಕಳಸೂದು ಎಲ್ಲಾ ಆಗಬೇಕು. ಇದನ್ನ ಕಡೀ ವಿಸಿಟ್‌ನ್ಯಾಗ ಮಾತಾಡಲಿಲ್ಲಂದ್ರ ಮದುವಿ ದಿನ ವಾಚಮನ್ ಕೂಡ ಜಗಳಾಡೋದ ಬರತೈತಿ.

ಅಡಗಿಯವ್ರನ್ನ ಯಾಕ ಕರಕೊಂಡ ಹೋಗಬೇಕು ಅಂದ್ರ, ಬಾಗಲಕೋಟಿ ನವನಗರದಾಗ ನಮ್ಮ ಕಾಕಾನ ಮಗನ ಮದುವಿಗೆ ಅಡಗಿ ಮಾಡಾಕ ಬಂದ ಸ್ವಾಮಿಗೋಳನ್ನ ನಾ ನೋಡೀನಿ. (ನವನಗರ ಅಂದ ಕೂಡ್ಲೆ ನೆನಪಾತು, ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಹಳೇ ಊರಿನ ಒಂದಿಷ್ಟ ಭಾಗ ಹೋಗಿ ಸೆಕ್ಟರ್ ಮಾಡಿ ಕಟ್ಟಿದ ಊರದು, ಲಗ್ನಪತ್ರಿಕ್ಯಾಗ ಸೆಕ್ಟರ್ ನಂಬರ್ ಹಾಕಲಿಲ್ಲಂದ್ರ ಹಳ್ಳಿಯಿಂದ ಬಂದ ಕ್ರೂಸರ್ ಗಾಡಿ ಸುತ್ತಕೋತ ಇರತಾವು.) ಸ್ವಾಮಿಗೋಳು ಹಾಲ್‌ಗೆ ಬಂದವ್ರು ಸ್ಟೇಜ್ ಕಡೆ ತಿರುಗಿನೂ ನೋಡ್ಲಿಲ್ಲ. ಸೀದಾ ಅಡಗಿ ಮನಿಗೆ ಹೋದ್ರು, ಮೊದಲ ನಳಾ ಬಿಟ್ಟು ನೀರಿನ ಧಾರಿ ನೋಡಿದ್ರು, ಒಂದ ಬಕೀಟ ತುಂಬಿಸಿ ಮೋರಿ ಒಳಗ ಸುರದು ಅದು ಎಷ್ಟ ಹೊತ್ತಿಗೆ ಹೋಗತೈತಿ ಅಂತ ಕುಕ್ಕರಗಾಲಲೆ ಕುಂತ ನೋಡಿದ್ರು. ಎದ್ದು ಹೆಗಲ ಮ್ಯಾಲಿನ ಟಾವೆಲ್ ತಗದು ಬಾಗಲ ಅಳತಿ ತಗೊಂಡ್ರು, ಅದ ಟಾವೆಲ್‌ಲೆ ತಮ್ಮ ಟೆಂಪೋದಾಗಿನ ಹುಗ್ಗಿ ಕೊಪ್ಪರಿಗಿ ಅಳದ್ರು. ಬಾಗಲ ನಾಕ ಬಟ್ಟ ಕಡಿಮಿ. "ಇದು ಒಳಗ ಬರಂಗಿಲ್ರಿ ಯಜಮಾನ್ರ, ಹಿಂದ ಹಂದರ ಹಾಕಸ್ರಿ" ಅಂದ್ರು ಅಷ್ಟ. ಮದುವಿ ಇನ್ನೂ ಎಂಟ ದಿನ ಇತ್ತು, ಹಂದರ ಹಾಕಿಸಿದ್ರು, ಯಾರಿಗೂ ಗೊತ್ತಾಗಲಾರದಂಗ ಕೆಲಸ ಆಗಿ ಹೋತು. ಮದುವಿ ಹಿಂದಿನ ರಾತ್ರಿ ಕೊಪ್ಪರಿಗಿ ಬಾಗಲದಾಗ ಸಿಕ್ಕಿದ್ರ ಏನಾಗತಿತ್ತು ಅಂತ ವಿಚಾರ ಮಾಡ್ರಿ.

ಅವ್ರ ಇನ್ನೊಂದ ಪ್ರಶ್ನೆ ನನಗ ಎಂದೂ ಹೊಳೀತಿರಲಿಲ್ಲ. ರೊಟ್ಟಿ ಎಲ್ಲಿ ಇಡೂದು ಅಂತ. ಕಡಕ್ ರೊಟ್ಟಿ ಎರಡ ದಿನಾ ಮೊದಲ ಬರತಾವಲ್ಲ, ಭಾಂಡೆ ತೊಳಿಯೋ ಜಾಗದ ಮಗ್ಗಲದ ಖೋಲಿ ಕೊಟ್ರ ತ್ಯಾವಕ್ಕ ಮೆತ್ತಗಾಗಿ ಬಿಡತಾವು. ಒಣಾ ಖೋಲಿ ಬೇಕು, ಅದಕ್ಕ ಕೀಲಿ ಬೇಕು. ಗ್ಯಾಸ್ ವಿಷಯಾನೂ ಅಷ್ಟ, ಮನೀದು 14.2 ಕೆಜಿ ಸಿಲಿಂಡರ್ ತಂದು ಫಂಕ್ಷನ್‌ಗೆ ಹಚ್ಚೋ ಹಂಗಿಲ್ಲ, 19 ಕೆಜಿ ಕಮರ್ಷಿಯಲ್ ಸಿಲಿಂಡರ್‌ನ ತರಬೇಕು, ಅದನ್ನ ಯಾರು ತರಬೇಕು, ಎಲ್ಲಿ ನಿಂದರಸಬೇಕು, ಮೊದಲ ಮಾತಾಗಬೇಕು.

ಸುರಗಿದು, ಅಂದ್ರ ಮದುಮಕ್ಕಳಿಗೆ ನೀರ ಹಾಕೋ ಶಾಸ್ತ್ರದ್ದು ಕೇಳ್ರಿ, ಇದು ಮಹತ್ವದ್ದು. ಹೊಸಾ ಹಾಲ್‌ನವರು ಎಲ್ಲಾ ಕಡೆ ನುಣ್ಣನ ಟೈಲ್ಸ್ ಹಾಕ್ಯಾರ. ನಾಕ ಮೂಲಿಗೆ ಚರಿಗಿ ಇಟ್ಟು, ನೂಲ ಸುತ್ತಿ, ಅರಿಶಿಣ ಹಚ್ಚಿದ ಮದುಮಕ್ಕಳ ಮ್ಯಾಲ ನೀರ ಹಾಕಬೇಕಲ್ಲ, ಎಲ್ಲಿ ಹಾಕೂದು? ಕೇಳಿದ್ರ "ಟೆರೇಸ್ ಮ್ಯಾಲ ಮಾಡ್ಕೋರಿ ಮೇಡಂ" ಅಂತಾರ. ಮೇ ತಿಂಗಳ ಟೆರೇಸ್ ಮ್ಯಾಲ ಬರಿಗಾಲಲೆ ಹತ್ತ ಗಂಟೆಕ್ಕ ಇವ್ರ ಒಮ್ಮೆ ನಿಂತ ತೋರಸ್ಲಿ ನೋಡೋಣ. ನೀರ ಹರದ ಹೋಗೋ ಜಾಗ, ಮ್ಯಾಲ ನೆಳ್ಳು, ಮದುಮಗಳು ಹಸಿ ಸೀರ್ಯಾಗ ಎಲ್ಲಾರ ಮುಂದ ಹಾದ ಹೋಗಲಾರದಂಗ ಖೋಲಿ ಹತ್ರ, ಈ ಮೂರೂ ಇರೋ ಜಾಗ ಹೆಣಮಕ್ಕಳ ಕಣ್ಣಿಗೆ ತಟ್ಟನೆ ಬೀಳತೈತಿ. ಮದುಮಗಳ ಖೋಲ್ಯಾಗ ಒಳಗಿನ ಚಿಲಕಾ ಹಾಕಿ ತಗದು ನೋಡ್ರಿ. ಕನ್ನಡಿ ಮುಂದ ಲೈಟ್ ಐತೋ, ಪ್ಲಗ್ ಪಾಯಿಂಟ್ ಎಷ್ಟ, ಇಳಕಲ್ ಸೀರಿ ನೇತ ಹಾಕಾಕ ಒಂದ ಮೊಳೆ ಐತೋ. ಸಂಡಾಸದಾಗ ಬಕೀಟ, ಮಗ್ಗು, ಕಸದ ಡಬ್ಬಿ. ಸಣ್ಣ ವಿಷಯ ಅಂತೀರಿ, ಅವತ್ತ ನೂರಾರು ಹೆಣಮಕ್ಕಳು ಮುಂಜಾನಿಂದ ಸಂಜಿತನಕ ಅಲ್ಲೇ ಇರೋರು.

ಜನರೇಟರ್ ಐತಿ ಅಂತ ಎಲ್ಲಾರೂ ಹೇಳ್ತಾರ. ಅದರ ಮ್ಯಾಲ ಎಸಿ ನಡೀತೈತೋ ಇಲ್ಲಾ ಬರೇ ಫ್ಯಾನು ಲೈಟೋ ಅಂತ ಕೇಳ್ರಿ, ಡೀಸೆಲ್ ಯಾರದು ಅಂತ ಕೇಳ್ರಿ. ಮೇನ್ ಆಫ್ ಮಾಡಿಸಿ ನೋಡೋದ ಚೊಲೋ, ಅದನ್ನ ಮಾತ್ರ ಮಂದಿ ಮದುವ್ಯಾಗ ಮಾಡಸಾಕ ಹೋಗಬ್ಯಾಡ್ರಿ ಮತ್ತ, ಇನ್ನೊಂದ ಖಾಲಿ ದಿನಾ ಹೋಗಿ ಮಾಡಸ್ರಿ. ಡಿಜೆ ಬಗ್ಗೆ ಹುಡುಗೂರಿಗೆ ಈಗ ಹೇಳಿ ಬಿಡ್ರಿ, 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಮುಂಜಾನಿ 6ರ ತನಕ ಬಯಲಾಗ ಲೌಡ್‌ಸ್ಪೀಕರ್ ಇಲ್ಲ.

ಹಿಂದಿನ ಬಾಗಲದ ಮಾತು ತಗದ್ರ ನನ್ನ ಭಾವಂದ್ರು "ನಿನಗ ಎಲ್ಲಾದ್ರಾಗೂ ಅಂಜಿಕಿ" ಅಂತಾರ. ಹಾಲ್‌ನವ್ರು ಹಿಂದಿನ ಬಾಗಲಕ್ಕ ಕೀಲಿ ಹಾಕಿರ್ತಾರ, ಹೊರಗಿನವ್ರು ಬಂದ ಉಂಡ ಹೋಗ್ತಾರ ಅಂತ. 2004ರ ಜನವರಿ 23ಕ್ಕ ತಮಿಳುನಾಡಿನ ಶ್ರೀರಂಗಂದಾಗ ಮದುವಿ ಹಾಲ್‌ಗೆ ಬೆಂಕಿ ಬಿದ್ದು ಐವತ್ತಕ್ಕಿಂತ ಹೆಚ್ಚ ಮಂದಿ ಸತ್ರು, ಮದುಮಗನೂ ಹೋದ. ವಿಡಿಯೋದವ್ರ ವೈರ್‌ನಿಂದ ಶಾರ್ಟ್ ಆಗಿ ಗರಿ ಹಂದರಕ್ಕ ಹತ್ತಿತ್ತು. ಅದಕ್ಕ ನಾ ಅಂಜತೀನಿ, ಹೌದು. ಎರಡನೇ ಬಾಗಲ ಯಾವ್ದು, ಅವತ್ತ ಅದರ ಕೀಲಿ ಯಾರ ಕೈಯಾಗ ಇರತೈತಿ, ಅದರ ಮುಂದ ಕುರ್ಚಿ ಒಟ್ಟಂಗಿಲ್ಲ ಅಂತ ಬರಸ್ಕೋರಿ. ಡೆಕೋರೇಶನ್‌ಗೆ ಥರ್ಮಾಕೋಲ್ ಹಚ್ಚಬ್ಯಾಡ ಅಂತನೂ ಹೇಳ್ರಿ, ಡೆಕೋರೇಶನ್ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾಗ ಬಂದ್ ಐತಿ, ಆದ್ರೂ ಎಷ್ಟ ಸ್ಟೇಜ್ ಹಿಂದ ಅದ ಇರತೈತಿ ನೋಡ್ರಿ.

ಮತ್ತ ಎಲ್ಲಾ ಕಾಗದದ ಮ್ಯಾಲ. ಬಾಡಗಿ ಹೇಳೂವಾಗ ಜಿಎಸ್‌ಟಿ ಸೇರ್ಸಿ ಹೇಳ್ಯಾರೋ ಬ್ಯಾರೆನೋ, 18 ಪರ್ಸೆಂಟ್ ಅಂದ್ರ ಒಂದ ಲಕ್ಷಕ್ಕ ಹದಿನೆಂಟ ಸಾವಿರ, ಸಣ್ಣದಲ್ಲ. ಕ್ಲೀನಿಂಗ್ ಬ್ಯಾರೆ, ಹೊರಗಿನ ಅಡಗಿಯವ್ರು ಬಂದ್ರ ಅದಕ್ಕ ಬ್ಯಾರೆ, ಡಿಪಾಜಿಟ್ ಯಾವಾಗ ವಾಪಸ್. "ಬಾಯಿ ಮಾತು ಸಾಕ್ರಿ, ನಾವೇನ್ ಹೊರಗಿನವ್ರಾ" ಅಂದ್ರ ನಗಕೋತ ವಾಟ್ಸಾಪ್‌ನ್ಯಾಗರೆ ಹಾಕಸ್ಕೋರಿ.

ಇಷ್ಟ ಕೇಳಿದ್ರ ಮ್ಯಾನೇಜರ್ ಬ್ಯಾಸರ ಮಾಡ್ಕೋತಾನ ಅಂತ ನಮ್ಮ ಭಾವಂದ್ರ ಚಿಂತಿ. ಮಾಡ್ಕೊಳವಲ್ಲ ಯಾಕ, ಒಂದ ದಿನಾ. ಬರೋ ಆಯಿತವಾರ ಆ ಹಾಲ್‌ನ್ಯಾಗ ಬ್ಯಾರೆವ್ರ ಮದುವಿ ಐತಿ, ಸ್ವಾಮಿಗೋಳು ಹನ್ನೆರಡಕ್ಕ ಬರ್ತೀನಿ ಅಂದಾರ, ನಾನು, ತಂಗಿ, ಅಕಿ ಅತ್ತಿ ಹೊಂಟೀವಿ, ಅತ್ತಿಯವ್ರಿಗೆ ಮೊಳಕಾಲ ನೋವು, ಪಾವಟಗಿ ಪರೀಕ್ಷೆ ಅವ್ರ ಮಾಡ್ತಾರ. ಬೀಗರಿಗೂ ಫೋನ್ ಮಾಡಿದ್ದೆ, ನಿಮ್ಮ ಕಡೆಯಿಂದ ಒಬ್ರು ಹೆಣಮಕ್ಕಳು ಬರ್ಲಿ, ಬಿಡದಿ ಖೋಲಿ ನಿಮಗ ಸೇರಬೇಕಲ್ಲ ಅಂತ. ಬೀಗತಿ "ನಮ್ಮ ಮನೀಯವ್ರು ಬಂದ ನೋಡ್ತಾರ ಬಿಡ್ರಿ ಅಕ್ಕಾರ, ನನಗೇನ ತಿಳೀತೈತಿ" ಅಂದ್ರು. ಅವ್ರೂ ಬರ್ಲಿ, ಚಾ ಕುಡದ ಮ್ಯಾನೇಜರ್ ಕೂಡ ಕುಂತಿರ್ಲಿ, ನೀವು ನನ್ನ ಕೂಡ ಬರ್ರಿ ಅಂದೀನಿ. ಬರ್ತೀನಿ ಅಂದಾರ.