ಸದ್ದು ಹೋದರೆ ಹೋಗಲಿ, ಚಾಲಕ ಉಳಿಯಲಿ

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ನೋಡುತ್ತ ಬೆಳೆದವನು ನಾನು. ಕಾರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಗುಡ್ಡದ ಆಚೆ ಎಲ್ಲೋ ಒಂದು ಗೊರಗೊರ, ತಿರುವು ಹತ್ತಿರವಾದಂತೆ ಗೇರ್ ಇಳಿಸಿದಾಗಿನ ಪಟಪಟ ಸಿಡಿತ, ಅಷ್ಟರಲ್ಲಿ ಮಾರ್ಷಲ್ ಸೀಟಿ ಊದಿ ನಮ್ಮನ್ನೆಲ್ಲ ದಿಬ್ಬದ ಮೇಲಕ್ಕೆ ಅಟ್ಟುತ್ತಿದ್ದ. ಜಿಪ್ಸಿಯೋ ಎಸ್ಟೀಮೋ ಹಾದುಹೋದ ಮೇಲೆ ಕಾಫಿ ಎಲೆಗಳ ಮೇಲೆ ಕೆಂಧೂಳು ನಿಧಾನವಾಗಿ ಕೂರುತ್ತಿತ್ತು. ನಾವು ಮುಂದಿನ ಸದ್ದಿಗೆ ಕಿವಿಗೊಟ್ಟು ನಿಂತಿರುತ್ತಿದ್ದೆವು.

ಹಾಗಾಗಿ ಎಲೆಕ್ಟ್ರಿಕ್ ರೇಸ್ ಕಂಡರೆ ನನಗೆ ಆಗುವುದಿಲ್ಲವೆಂದೇ ಗೆಳೆಯರು ತಿಳಿದಿದ್ದಾರೆ. ಹಾಗೇನಿಲ್ಲ. ಯಾಕಿಲ್ಲ ಎಂಬುದನ್ನು ಒಮ್ಮೆ ವಿವರವಾಗಿ ಬರೆಯಬೇಕೆನಿಸಿದೆ.

2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ಎಲೆಕ್ಟ್ರಿಕ್ ಕಾರುಗಳ ರೇಸ್ ಸರಣಿ ಫಾರ್ಮುಲಾ ಇ ನಡೆದಾಗ ನಾನು ಅಲ್ಲಿದ್ದೆ. ಇಂಜಿನ್ನಿನ ಅಬ್ಬರವಿಲ್ಲದ ಕಡೆ ಬೇರೆಯೇ ಸದ್ದುಗಳು ಕೇಳಿಸಿದವು. ಟೈರು ಡಾಂಬರನ್ನು ಉಜ್ಜುವುದು ಕೇಳುತ್ತಿತ್ತು, ಕಾರಿನ ತಳ ರಸ್ತೆಗೆ ತಾಗುವುದು ಕೇಳುತ್ತಿತ್ತು, ಪಕ್ಕದಲ್ಲಿ ನಿಂತವರ ಉದ್ಗಾರವೂ ಕೇಳುತ್ತಿತ್ತು. ಕೊನೆಯ ಸುತ್ತುಗಳಲ್ಲಿ ಮುಂದಿದ್ದವರು ಫ್ರಾನ್ಸಿನ ಜಾನ್ ಎರಿಕ್ ವೆರ್ನ್. ಬೆನ್ನಿಗಂಟಿಕೊಂಡಂತೆ ನ್ಯೂಜಿಲೆಂಡಿನ ನಿಕ್ ಕ್ಯಾಸಿಡಿ. ವೆರ್ನ್ ಅವರ ಬ್ಯಾಟರಿಯಲ್ಲಿ ಉಳಿದಿದ್ದ ಶಕ್ತಿ ಕ್ಯಾಸಿಡಿಯವರದಕ್ಕಿಂತ ಕಡಿಮೆ. ನೇರ ರಸ್ತೆಯಲ್ಲಿ ಧಾರಾಳವಾಗಿ ಒತ್ತಿದರೆ ಗೆರೆ ಮುಟ್ಟುವ ಮೊದಲೇ ಬ್ಯಾಟರಿ ಬರಿದಾಗುತ್ತದೆ, ಒತ್ತದಿದ್ದರೆ ಹಿಂದಿನವರು ಮುಂದೆ ಹೋಗುತ್ತಾರೆ. ಎಲ್ಲಿ ಪೆಡಲ್ ಬಿಡಬೇಕು, ಯಾವ ತಿರುವಿನಲ್ಲಿ ಅಡ್ಡ ನಿಲ್ಲಬೇಕು ಎಂಬ ಲೆಕ್ಕವನ್ನು ಅವರು ಕೊನೆಯ ಮೀಟರಿನವರೆಗೆ ತಪ್ಪದೆ ಹಾಕಿದರು, ಗೆದ್ದರು. ಗುಡ್ಡದ ದಾರಿಯಲ್ಲಿ ನಮ್ಮ ರ‍್ಯಾಲಿ ಚಾಲಕರಲ್ಲಿ ನಾನು ಮೆಚ್ಚಿದ್ದೂ ಇಂಥದೇ ಜಾಣ್ಮೆಯನ್ನು. ಸದ್ದು ಅದರ ಹೊದಿಕೆ ಅಷ್ಟೇ ಆಗಿತ್ತು.

ಈ ಕಾರುಗಳು ಎಷ್ಟು ಬೇಗ ಬೆಳೆದವೆಂಬುದನ್ನು ಜನ ಮರೆಯುತ್ತಾರೆ. 2014ರ ಸೆಪ್ಟೆಂಬರಿನಲ್ಲಿ ಬೀಜಿಂಗ್‌ನಲ್ಲಿ ಮೊದಲ ಫಾರ್ಮುಲಾ ಇ ನಡೆದಾಗ ಬ್ಯಾಟರಿ ಪೂರ್ತಿ ರೇಸಿಗೆ ಸಾಲುತ್ತಿರಲಿಲ್ಲ. ಚಾಲಕರು ಅರ್ಧದಲ್ಲಿ ಪಿಟ್‌ಗೆ ಬಂದು ಒಂದು ಕಾರಿನಿಂದ ಇಳಿದು ಇನ್ನೊಂದಕ್ಕೆ ಹತ್ತಬೇಕಿತ್ತು. ನೋಡಿದವರು ನಕ್ಕರು. ನಾಲ್ಕೇ ವರ್ಷದಲ್ಲಿ ಬ್ಯಾಟರಿಯ ಸಾಮರ್ಥ್ಯ 28 ಕಿಲೋವ್ಯಾಟ್ ಅವರ್‌ನಿಂದ 54ಕ್ಕೆ ಏರಿತು, ಕಾರು ಬದಲಿಸುವ ಕ್ರಮ ನಿಂತೇಹೋಯಿತು. ಬೀಜಿಂಗ್‌ನ ಆ ಮೊದಲ ರೇಸಿನಲ್ಲಿ ಮಹೀಂದ್ರ ತಂಡದಲ್ಲಿದ್ದವರು ಚೆನ್ನೈನ ಕರುಣ್ ಚಾಂಧೋಕ್, ಐದನೆಯವರಾಗಿ ಮುಗಿಸಿದರು. ಆ ಕಂಪನಿ 2010ರಲ್ಲಿ ತನ್ನದಾಗಿಸಿಕೊಂಡಿದ್ದು ಬೆಂಗಳೂರಿನ ಎಲೆಕ್ಟ್ರಿಕ್ ಕಾರು ಕಂಪನಿ ರೇವಾವನ್ನು. ಚೇತನ್ ಮೈನಿ 2001ರಲ್ಲಿ ಮಾರುಕಟ್ಟೆಗೆ ತಂದ ಆ ಎರಡು ಬಾಗಿಲಿನ ಪುಟ್ಟ ಕಾರನ್ನು ಬೆಂಗಳೂರಿನ ರಸ್ತೆಯಲ್ಲಿ ನೋಡಿ ಆಟಿಕೆ ಎಂದವರೇ ಹೆಚ್ಚು. ಅದು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಆ ಕಾರಿಗೆ ಸಿಗಬೇಕಾದ ಗೌರವ ನಮ್ಮ ಊರಿನಲ್ಲೇ ಸಿಗಲಿಲ್ಲ ಎಂಬ ಕೊರಗು ನನಗೆ ಈಗಲೂ ಇದೆ.

ಹೈದರಾಬಾದಿನಲ್ಲಿ ಓಡಿದ ಮೂರನೇ ಪೀಳಿಗೆಯ ಕಾರಿನ ಹಿಂದಿನ ಚಕ್ರಗಳಿಗೆ ಮಾಮೂಲಿ ಹೈಡ್ರಾಲಿಕ್ ಬ್ರೇಕ್ ಇಲ್ಲದಂತೆ ವಿನ್ಯಾಸ ಮಾಡಿದ್ದರು. ಮೋಟಾರೇ ತಿರುಗುಮುರುಗಾಗಿ ಜನರೇಟರ್ ಆಗಿ ಕಾರನ್ನು ನಿಧಾನಗೊಳಿಸುತ್ತದೆ. ಒಂದು ರೇಸಿನಲ್ಲಿ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಶೇಕಡ 40 ಹೀಗೆ ಮರಳಿ ದಕ್ಕಿದ್ದು. ಇದರ ಅರ್ಥ ನನಗೆ ಹೊಳೆದದ್ದು ಚಾರ್ಮಾಡಿ ಘಾಟಿಯಲ್ಲಿ. ಕೊಟ್ಟಿಗೆಹಾರ ಬಿಡುವಾಗ ನನ್ನ ಎಲೆಕ್ಟ್ರಿಕ್ ಕಾರಿನಲ್ಲಿ ಶೇಕಡ 58 ಚಾರ್ಜ್ ಇತ್ತು. ಕೆಳಗೆ ಚಾರ್ಮಾಡಿ ಊರು ತಲುಪಿದಾಗ 60 ತೋರಿಸುತ್ತಿತ್ತು. ಬ್ರೇಕ್ ಪೆಡಲನ್ನು ಮುಟ್ಟಿದ್ದು ಬಹುಶಃ ಹತ್ತು ಸಲ. ಚಿಕ್ಕಂದಿನಿಂದ ಆ ಘಾಟಿಯೆಂದರೆ ನನಗೆ ಬಸ್ಸಿನ ಬ್ರೇಕ್ ಲೈನರ್ ಸುಟ್ಟ ವಾಸನೆ. ಅಷ್ಟೂ ವರ್ಷ ನಾವು ಇಳಿಜಾರಿನಲ್ಲಿ ಸುಟ್ಟು ಗಾಳಿಗೆ ಬಿಟ್ಟದ್ದು ಮರಳಿ ಪಡೆಯಬಹುದಾಗಿದ್ದ ಶಕ್ತಿಯನ್ನು ಎಂದು ಅವತ್ತು ಅರಿವಾಯಿತು.

ಬೆಟ್ಟ ಏರುವುದರಲ್ಲೂ ಹಾಗೆಯೇ. ಅಮೆರಿಕದ ಪೈಕ್ಸ್ ಪೀಕ್ ಏರಿನಲ್ಲಿ 156 ತಿರುವುಗಳಿವೆ, ಶಿಖರ 4,300 ಮೀಟರ್ ಎತ್ತರದಲ್ಲಿದೆ. ಮೇಲೇರಿದಂತೆ ಗಾಳಿ ತೆಳುವಾಗಿ ಪೆಟ್ರೋಲ್ ಇಂಜಿನ್ ಉಸಿರು ಕಟ್ಟಿದಂತಾಗುತ್ತದೆ. ಮೋಟಾರಿಗೆ ಉಸಿರಾಟದ ಹಂಗಿಲ್ಲ. 2018ರಲ್ಲಿ ರೋಮೇನ್ ಡ್ಯೂಮಾ ಫೋಕ್ಸ್‌ವ್ಯಾಗನ್ನಿನ ಎಲೆಕ್ಟ್ರಿಕ್ ಕಾರಿನಲ್ಲಿ 7 ನಿಮಿಷ 57 ಸೆಕೆಂಡಿಗೆ ಅದನ್ನು ಏರಿದರು. ಅದುವರೆಗಿನ ದಾಖಲೆ 8 ನಿಮಿಷ 13 ಸೆಕೆಂಡ್, ರ‍್ಯಾಲಿ ಲೋಕದ ದೊರೆ ಸೆಬಾಸ್ಟಿಯನ್ ಲೋಬ್ ಅವರದು. ಎಂಟು ನಿಮಿಷದ ಗೋಡೆ ಒಡೆದದ್ದು ಅದೇ ಮೊದಲು. ಕಾರು ಬರುವುದು ಜನರಿಗೆ ತಿಳಿಯಲೆಂದು ಅದಕ್ಕೆ ಎಚ್ಚರಿಕೆಯ ಸದ್ದು ಮಾಡುವ ಸಾಧನ ಕಟ್ಟಿಸಿದ್ದರು.

ಎಲ್ಲವೂ ಗೆಲುವಿನ ಕತೆಯೇನಲ್ಲ. 2019ರಲ್ಲಿ ಶುರುವಾದ ಎಲೆಕ್ಟ್ರಿಕ್ ಬೈಕುಗಳ ಮೋಟೋಇ ಜನರನ್ನು ಸೆಳೆಯಲಾಗದೆ 2025ರ ನಂತರ ನಿಂತಿತು. ಇನ್ನೊಂದೆಡೆ ಫಾರ್ಮುಲಾ ಒನ್ 2026ರ ನಿಯಮಗಳಲ್ಲಿ ಎಲೆಕ್ಟ್ರಿಕ್ ಮೋಟಾರಿನ ಪಾಲನ್ನು 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿಸಿದೆ. ಕಾರಿನ ಹೆಚ್ಚುಕಡಿಮೆ ಅರ್ಧ ಬಲ ಈಗ ಬ್ಯಾಟರಿಯದು.

ನನ್ನ ತಕರಾರು ಬೇರೆ ಕಡೆಗಿದೆ. ಎಲ್ಲಿ ನೋಡಿದರೂ ಎಲೆಕ್ಟ್ರಿಕ್ ಕಾರನ್ನೂ ಚಾಲಕನಿಲ್ಲದ ಕಾರನ್ನೂ ಒಂದೇ ನೊಗಕ್ಕೆ ಕಟ್ಟಿ ಮಾತಾಡುತ್ತಾರೆ. ಹೀಗಾಗಿ ಚಾಲಕ ಕಾಣೆಯಾಗುತ್ತಾನೆಂಬ ಭಯ ಇರುವವರೆಲ್ಲ ಬ್ಯಾಟರಿಯನ್ನು ಬೈಯುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಬ್ಯಾಟರಿ ಕಿತ್ತುಕೊಂಡದ್ದು ಸದ್ದನ್ನು ಮಾತ್ರ. ಚಾಲಕನನ್ನು ಕಿತ್ತುಕೊಳ್ಳುವುದು ಸಾಫ್ಟ್‌ವೇರ್.

2024ರ ಏಪ್ರಿಲ್ 27ರಂದು ಅಬುಧಾಬಿಯ ಯಾಸ್ ಮರೀನಾದಲ್ಲಿ ನಡೆದ ಚಾಲಕರಹಿತ ಕಾರುಗಳ ರೇಸನ್ನು ರಾತ್ರಿ ಕೂತು ನೋಡಿದೆ. ಆ ಕಾರುಗಳು ಓಡಿದ್ದು ಪೆಟ್ರೋಲ್ ಇಂಜಿನ್ನಿನಲ್ಲಿ! ಬ್ಯಾಟರಿಗೂ ಚಾಲಕನಿಲ್ಲದಿರುವುದಕ್ಕೂ ನಂಟಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅಂತಿಮ ಓಟಕ್ಕೆ ನಾಲ್ಕು ಕಾರು. ಒಂದು ಗಿರಕಿ ಹೊಡೆದು ನಿಂತಿತು. ಹಳದಿ ಬಾವುಟ ಬಂತು. ಹಳದಿ ಬಾವುಟದಲ್ಲಿ ಯಾರನ್ನೂ ದಾಟಬಾರದೆಂಬ ನಿಯಮ ಪಾಲಿಸಿ ಹಿಂದಿನವೂ ನಿಂತುಬಿಟ್ಟವು. ಕೈಸನ್ನೆ ಮಾಡಿ ಪಕ್ಕದಿಂದ ಹೋಗು ಎನ್ನಬಹುದಾದ ಜಾಗದಲ್ಲಿ ಕೋಟಿಗಟ್ಟಲೆ ಬೆಲೆಯ ಯಂತ್ರಗಳು ಸುಮ್ಮನೆ ನಿಂತಿದ್ದವು. ಕೊನೆಗೆ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಗೆದ್ದಿತು. 2021ರಲ್ಲಿ ಇಂಡಿಯಾನಾಪೊಲಿಸ್‌ನಲ್ಲೂ ಗೆದ್ದದ್ದು ಅದೇ ತಂಡ, ಗಂಟೆಗೆ ಸರಾಸರಿ 218 ಕಿಲೋಮೀಟರ್ ವೇಗದಲ್ಲಿ. ಆ ವಿದ್ಯಾರ್ಥಿಗಳ ಶ್ರಮಕ್ಕೆ ನಾನು ತಲೆಬಾಗುತ್ತೇನೆ. 2004ರಲ್ಲಿ ಮೊಹಾವೆ ಮರುಭೂಮಿಯಲ್ಲಿ ಇಂಥದೇ ಸ್ಪರ್ಧೆ ನಡೆದಾಗ ಅತಿ ದೂರ ಹೋದ ವಾಹನ ಕ್ರಮಿಸಿದ್ದು 12 ಕಿಲೋಮೀಟರ್. ಮರುವರ್ಷವೇ 212 ಕಿಲೋಮೀಟರ್ ದಾರಿಯನ್ನು ಐದು ವಾಹನಗಳು ಮುಗಿಸಿದವು. ಅಲ್ಲಿ ಕಲಿತವರೇ ಇಂದು ಅಮೆರಿಕದ ರಸ್ತೆಗಳಲ್ಲಿ ಚಾಲಕರಿಲ್ಲದ ಟ್ಯಾಕ್ಸಿ ಓಡಿಸುತ್ತಿದ್ದಾರೆ.

ಹೀಗಾಗಿ ಇಂಥ ಓಟಗಳು ನಡೆಯಲಿ, ಇನ್ನೂ ಹೆಚ್ಚು ನಡೆಯಲಿ. 2020ರಲ್ಲಿ ಚಾಲಕರಹಿತ ಕಾರುಗಳದೇ ಸರಣಿಯಾದ ರೋಬೋರೇಸ್‌ನ ಒಂದು ಕಾರು ಹೊರಟ ಕೂಡಲೇ ಸೀದಾ ಗೋಡೆಗೆ ನುಗ್ಗಿತು. ಸ್ಟಿಯರಿಂಗಿಗೆ ಹೋದ ಆದೇಶದಲ್ಲಿ ಸಂಖ್ಯೆ ಇರಬೇಕಾದ ಕಡೆ ಸಂಖ್ಯೆಯೇ ಅಲ್ಲದ ಏನೋ ಸೇರಿಕೊಂಡಿತ್ತು. ಅಂಥ ತಪ್ಪು ಖಾಲಿ ಟ್ರ್ಯಾಕಿನ ಗೋಡೆಗೆ ಬಡಿದು ಬಯಲಾಗಬೇಕು, ಶಾಲೆ ಬಿಡುವ ಹೊತ್ತಿನಲ್ಲಿ ನಮ್ಮ ಪೇಟೆ ರಸ್ತೆಯಲ್ಲಿ ಅಲ್ಲ. ಆದರೆ ಅದನ್ನು ಪರೀಕ್ಷೆ ಎಂದು ಕರೆಯೋಣ. ಕ್ರೀಡೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಹೆದರಿಕೆಯೇ ಇಲ್ಲದ ಕಡೆ ಧೈರ್ಯಕ್ಕೆ ಜಾಗವೆಲ್ಲಿದೆ?

ಕಳೆದ ಸಲ ಮಗಳನ್ನು ರ‍್ಯಾಲಿಗೆ ಕರೆದೊಯ್ದಿದ್ದೆ. ಕಾರುಗಳ ರಿಪೇರಿ ನಡೆಯುವ ಸರ್ವಿಸ್ ಪಾರ್ಕಿನಲ್ಲಿ ಒಬ್ಬ ಸಹಚಾಲಕರು, ದಾರಿಯ ತಿರುವುಗಳನ್ನು ಬರೆದಿಟ್ಟು ಓಟದಲ್ಲಿ ಚಾಲಕರಿಗೆ ಓದಿ ಹೇಳುವ ತಮ್ಮ ಟಿಪ್ಪಣಿ ಪುಸ್ತಕವನ್ನು ಅವಳ ಕೈಗೆ ಕೊಟ್ಟರು. ಪ್ರತಿ ಹಾಳೆಯ ಮೂಲೆಯಲ್ಲೂ ಹೆಬ್ಬೆರಳಿನ ಕೆಮ್ಮಣ್ಣಿನ ಗುರುತು. ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದ ತಿರುವುಗಳು. ಒಂದು ಕಡೆ ಎರಡು ಸಲ ಅಡಿಗೆರೆ ಎಳೆದಿತ್ತು. ಏನು ಇದು ಎಂದು ಅವಳು ಕೇಳಿದಳು. "ಹೋದ ವರ್ಷ ಅಲ್ಲಿ ಮಗುಚಿದ್ದೆವು" ಎಂದರು ಅವರು.

ನಮ್ಮ ರಾಜ್ಯದ ಮೋಟಾರು ಕ್ರೀಡಾ ಕ್ಲಬ್‌ಗಳಲ್ಲಿ ನನ್ನದೊಂದು ಬೇಡಿಕೆ. ಇದೇ ತೋಟಗಳಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆಂದೇ ಒಂದು ವಿಭಾಗ ಶುರುಮಾಡಿ. ಜನರ ಸುರಕ್ಷತೆಗೆ ಪೈಕ್ಸ್ ಪೀಕ್‌ನವರಂತೆ ಸೈರನ್ ಕಟ್ಟಿಸಿ, ಮಾರ್ಷಲ್‌ಗಳಿಗೆ ಇನ್ನೊಂದಿಷ್ಟು ಸೀಟಿ ಕೊಡಿ. ಒಳಗೆ ಇಬ್ಬರು ಕೂತಿರಲಿ, ಒಬ್ಬರ ತೊಡೆಯ ಮೇಲೆ ಆ ಪುಸ್ತಕವಿರಲಿ. ಮೊದಲ ದಿನ ಬೆಳಗಿನ ಜಾವವೇ ಬಂದು ಅದೇ ದಿಬ್ಬದ ಮೇಲೆ ಮಗಳೊಂದಿಗೆ ನಿಂತಿರುತ್ತೇನೆ.