ಜಿನುಗೋದು ಬೇರೆ, ಸೋರೋದು ಬೇರೆಯಂತೆ

ರಟ್ಟಿನ ಮೇಲೆ ಮೂರು ಚುಕ್ಕಿ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಗರಾಜಿಗೆ ಹೋಗಿ, ಕಾರಿನ ಅಡಿಯಲ್ಲಿ ರಾತ್ರಿ ಹಾಸಿಟ್ಟ ಪಾರ್ಸೆಲ್ ಡಬ್ಬದ ರಟ್ಟನ್ನು ಎಳೆದು ಎಂಜಿನ್ ಎಣ್ಣೆ ಎಷ್ಟು ಹನಿ ಬಿದ್ದಿದೆ ಅಂತ ಎಣಿಸುವುದು ಎರಡು ವಾರ ನನ್ನ ನಿತ್ಯಕರ್ಮ ಆಗಿತ್ತು. ಹೆಂಡತಿ ನೋಡಿ ನೋಡಿ ಸಾಕಾಗಿ, "ರೀ, ನಿಮ್ಮ ಗಾಡಿ ದಿನಾ ಚುಕ್ಕಿ ಇಡ್ತಿದೆ, ಗೆರೆ ನಾನು ಎಳೀಲಾ?" ಅಂದಳು.

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಹೋದ ವರ್ಷ ಒಂದು ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಗೊಂಡೆ. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಯಾಕೆಂದರೆ ನನ್ನ ಜಗಳ ಗಾಡಿ ಮಾಡಿದವರ ಜೊತೆ ಅಲ್ಲ. ಅಷ್ಟು ವಯಸ್ಸಾದ ಗಾಡಿಯಲ್ಲಿ ಎಣ್ಣೆ ತಡೆಯುವ ಸೀಲ್ ಒಣಗುವುದು ಸಹಜ, ನನ್ನ ಮಂಡಿಯೇ ನೆಟ್ಟಗಿಲ್ಲ. ಜಗಳ ಇರುವುದು "ವಾರಂಟಿ" ಅಂತ ಹೇಳಿ ಮೂರು ವರ್ಷಕ್ಕೆ 2,600 ಡಾಲರ್ ತಗೊಂಡು ನನ್ನ ಕೈಗೆ ಕಾಗದ ಕೊಟ್ಟವರ ಜೊತೆ.

ಮೊದಲು ಈ ಸೀಲ್ ಏನು ಅಂತ ಹೇಳುತ್ತೇನೆ. ಎಂಜಿನ್ನಿನ ಒಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ತುದಿ ಎಂಜಿನ್ನಿಂದ ಹೊರಗೆ ಬಂದು ಫ್ಲೈವೀಲ್ ಅನ್ನುವ ಭಾರದ ಚಕ್ರಕ್ಕೆ ಸೇರುವ ಜಾಗದಲ್ಲಿ ಒಂದು ಉಂಗುರ ಇರುತ್ತದೆ, ಬಳೆಗಿಂತ ಸ್ವಲ್ಪ ದೊಡ್ಡದು. ಇದೇ ರಿಯರ್ ಮೇನ್ ಸೀಲ್. ಶಾಫ್ಟ್ ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುತ್ತಿರಬೇಕು, ಅದೇ ಹೊತ್ತಿಗೆ ಒಳಗಿನ ಬಿಸಿ ಎಣ್ಣೆ ಒಳಗೇ ಇರಬೇಕು. ಜಾಸ್ತಿ ಓಡಿಸದೆ ತಿಂಗಳುಗಟ್ಟಲೆ ನಿಲ್ಲಿಸಿದರೂ ಇದರ ಅಂಚು ಗಟ್ಟಿಯಾಗುತ್ತದೆ. ಸೀಲಿನ ಬೆಲೆ ಏನು ಮಹಾ, ನನ್ನದಕ್ಕೆ 40 ಡಾಲರ್. ಆದರೆ ಅದನ್ನು ಮುಟ್ಟಬೇಕು ಅಂದರೆ ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತೆಗೆಯಬೇಕು. ಕೂಲಿಯೇ 2,150 ಡಾಲರ್.

ಆ ವಾರಂಟಿಯ ಬ್ರೋಷರಿನಲ್ಲಿ "ಸೀಲ್ಸ್ ಅಂಡ್ ಗ್ಯಾಸ್ಕೆಟ್ಸ್" ಅಂತ ದಪ್ಪ ಅಕ್ಷರದಲ್ಲಿ ಇತ್ತಲ್ಲ, ನಾನು ಧೈರ್ಯವಾಗಿ ಫೋನ್ ಮಾಡಿದೆ. ನಾಲ್ಕು ದಿನ ಬಿಟ್ಟು ಒಬ್ಬ ಇನ್‌ಸ್ಪೆಕ್ಟರ್ ಬಂದ. ಕಾರು ಲಿಫ್ಟಿನ ಮೇಲಿತ್ತು. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಗೆರೆಯ ಕೆಳಗಡೆ ಕಪ್ಪಗೆ ಜಿಡ್ಡು, ಅದರ ತುದಿಯಲ್ಲಿ ಈಗಲೋ ಆಗಲೋ ಬೀಳುವಂತೆ ಒಂದು ಹನಿ. ಆತ ಬಟ್ಟೆ ತಗೊಂಡು ಅದನ್ನು ಒರೆಸಿದ. ಐದು ನಿಮಿಷ ಕಾದ. ಹನಿ ಬೀಳಲಿಲ್ಲ. ಫೋಟೋ ತೆಗೆದು, "ಇದು ಸೀಪೇಜ್, ಲೀಕ್ ಅಲ್ಲ" ಅಂದ. ಅಂದರೆ ಬರೀ ಜಿನುಗುತ್ತಿದೆ, ಸೋರುತ್ತಿಲ್ಲ ಅಂತ.

ನಾನು ಮಲೆನಾಡಿನವನು ಸ್ವಾಮಿ. ಹಂಚಿನ ಮನೆಯಲ್ಲಿ ಬೆಳೆದವನಿಗೆ ಜಿನುಗುವುದು, ಒಸರುವುದು, ತೊಟ್ಟಿಕ್ಕುವುದು, ಸೋರುವುದು ಇವುಗಳ ನಡುವಿನ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿಲ್ಲ. ಗೋಡೆ ಜಿನುಗಿದರೆ ಸುಮ್ಮನಿರುತ್ತೇವೆ, ತೊಟ್ಟಿಕ್ಕಿದರೆ ಪಾತ್ರೆ ಇಡುತ್ತೇವೆ, ಸೋರಿದರೆ ಹಂಚು ಹತ್ತುತ್ತೇವೆ. ನನ್ನ ರಟ್ಟು ಪಾತ್ರೆ ಇಡುವ ಹಂತಕ್ಕೆ ಬಂದಾಗಿತ್ತು. ಬಿಸಿ ಎಂಜಿನ್ ರಾತ್ರಿಯಿಡೀ ನಿಂತ ಮೇಲೆ ಬೀಳುವ ಹನಿಯನ್ನು ಹಗಲಲ್ಲಿ ಒರೆಸಿ ಐದು ನಿಮಿಷ ಕಾದರೆ ಬೀಳುತ್ತದಾ?

ರಟ್ಟಿನ ಫೋಟೋ ಕಳಿಸಿದೆ. ಉತ್ತರ ಬಂತು: ನಿಮ್ಮ ವಾರಂಟಿ ಕಾಗದದ ಹದಿನಾಲ್ಕನೇ ಪುಟ ನೋಡಿ. ನೋಡಿದೆ. ವಾರಂಟಿಯಲ್ಲಿರುವ ಬೇರೆ ಯಾವುದಾದರೂ ಭಾಗ ಕೆಟ್ಟು ಅದನ್ನು ರಿಪೇರಿ ಮಾಡುವಾಗ ಸೀಲ್ ಬೇಕಾದರೆ ಮಾತ್ರ ಸೀಲಿನ ದುಡ್ಡು ಕೊಡುತ್ತಾರಂತೆ. ಅಂದರೆ ಸೀಲ್ ತಾನಾಗೇ ಹೋದರೆ ಇಲ್ಲ. ಬೇಕಿದ್ದರೆ ಗೇರ್‌ಬಾಕ್ಸ್ ಇಳಿಸಿ ತೋರಿಸಿ, ನಾವು ಒಪ್ಪದಿದ್ದರೆ ಇಳಿಸಿದ ಖರ್ಚು ನಿಮ್ಮದು ಅಂತಲೂ ಬರೆದಿದ್ದರು. ಇಳಿಸಿದ ಮೇಲೆ ಉಳಿಯುವುದು 40 ಡಾಲರ್ ಸೀಲ್ ಅಲ್ವಾ!

ತಪ್ಪು ನನ್ನದೂ ಇದೆ. ಇಲ್ಲಿ ಡೀಲರ್ ಹಳೇ ಕಾರು ಮಾರುವಾಗ ಕಿಟಕಿಗೆ ಬೈಯರ್ಸ್ ಗೈಡ್ ಅನ್ನುವ ಹಾಳೆ ಅಂಟಿಸಲೇಬೇಕು, ಅದು ಕಾನೂನು. ನನ್ನ ಕಾರಿನದರಲ್ಲಿ "ಆಸ್ ಈಸ್" ಚೌಕಕ್ಕೆ ಟಿಕ್ ಇತ್ತು. ಅಂದರೆ ಡೀಲರ್ ಕಡೆಯಿಂದ ವಾರಂಟಿ ಸೊನ್ನೆ. ನಾನು ದುಡ್ಡು ಕೊಟ್ಟು ತಗೊಂಡಿದ್ದು ಸರ್ವೀಸ್ ಕಾಂಟ್ರಾಕ್ಟ್, ಅಂದರೆ ಇಂತಿಂಥ ರಿಪೇರಿಯ ಖರ್ಚು ಕೊಡುತ್ತೇವೆ ಅಂತ ಬೇರೆಯಾಗಿ ಮಾರುವ ಒಪ್ಪಂದ. ಎಲ್ಲರೂ ಬಾಯಲ್ಲಿ ವಾರಂಟಿ ಅನ್ನುತ್ತಾರೆ, ಕಾನೂನಿನ ಲೆಕ್ಕದಲ್ಲಿ ಅದು ವಾರಂಟಿ ಅಲ್ಲ. ಕಾರಿನ ವಾಸನೆಗೆ ತಲೆ ತಿರುಗಿದವನು ಹಾಳೆ ಎಲ್ಲಿ ಓದುತ್ತಾನೆ.

ಇಷ್ಟೆಲ್ಲ ಬರೆಯುವುದಕ್ಕೆ ಕಾರಣ, ಆಫೀಸಿನ ಒಬ್ಬ ಹುಡುಗ, ನಮ್ಮ ಹಾಸನದವನೇ, ಒಂದು ಹಳೇ ಪೋರ್ಷೆ ಬಾಕ್ಸ್‌ಸ್ಟರ್ ನೋಡಿ ಬಂದಿದ್ದಾನೆ. "ಅಣ್ಣಾ, ವಾರಂಟಿ ಕೊಡ್ತಾರಂತೆ, ಭಯ ಇಲ್ಲ" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. 1996ರಲ್ಲಿ ಬಂದ ಬಾಕ್ಸ್‌ಸ್ಟರ್, ಅದರ ಹಿಂದೆಯೇ ಬಂದ 996 ಮಾದರಿಯ ಪೋರ್ಷೆ 911, ಇವುಗಳ ಎಂ96 ಎಂಜಿನ್ನಿಗೆ ರಿಯರ್ ಮೇನ್ ಸೀಲ್ ಒಸರುವುದು ಹಳೇ ಚಾಳಿ. ಕಂಪನಿ ಸೀಲ್ ಬದಲಿಸುತ್ತಾ ಬಂದು ಕೊನೆಗೆ ಟೆಫ್ಲಾನ್ ಥರದ್ದು ತಂದಿತು. ಅದನ್ನು ಕೂರಿಸಲು ಬೇರೆ ಟೂಲ್ ಬೇಕು, ಕೂರಿಸುವ ಆಳ ತಪ್ಪಿದರೆ ಮತ್ತೆ ಅದೇ ಕಥೆ. ಅದರ ಹತ್ತಿರವೇ ಐಎಂಎಸ್ ಬೇರಿಂಗ್ ಇದೆ, ಎಂಜಿನ್ನೊಳಗೆ ತಿರುಗುವ ಇನ್ನೊಂದು ಶಾಫ್ಟನ್ನು (ಇಂಟರ್ಮೀಡಿಯೆಟ್ ಶಾಫ್ಟ್) ಹಿಡಿದಿಡುವುದು. ಸೀಲ್ ಹೋದರೆ ನೆಲ ಗಲೀಜು, ಬೇರಿಂಗ್ ಹೋದರೆ ಎಂಜಿನ್ನೇ ಹೋಯಿತು. 2001ರಿಂದ 2005ರ ನಡುವಿನ ಗಾಡಿಗಳ ಆ ಬೇರಿಂಗ್ ಬಗ್ಗೆ ಅಮೆರಿಕದ ಕೋರ್ಟಿನಲ್ಲಿ ಕೇಸ್ ನಡೆದು 2013ರಲ್ಲಿ ರಾಜಿಯಾಯಿತು. ಆ ರಾಜಿ ಬೇರಿಂಗಿಗೆ, ಸೀಲಿಗಲ್ಲ. 2009ರ ಮಾದರಿಯಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಬೇರಿಂಗೇ ಇಲ್ಲ. ಹೊಸ ಪೋರ್ಷೆಗೆ ಇಲ್ಲಿ ಕಂಪನಿ ಕೊಡುವ ವಾರಂಟಿ 4 ವರ್ಷ ಅಥವಾ 50,000 ಮೈಲಿ. ಅವನು ನೋಡಿದ 2003ರ ಗಾಡಿಗೆ ಅದು ಯಾವಾಗಲೋ ಮುಗಿದಿದೆ.

ಹಾಗಂತ ಒಂದು ಹನಿ ಎಣ್ಣೆ ಕಂಡ ಕೂಡಲೇ ಗಾಡಿ ಬಿಟ್ಟು ಓಡಬೇಕಾಗಿಲ್ಲ. ಸ್ವಲ್ಪ ಒಸರುತ್ತಿದ್ದರೆ, ಕ್ಲಚ್ ಜಾರದಿದ್ದರೆ, ಆಯಿಲ್ ಮಟ್ಟ ನೋಡಿಕೊಂಡು ಓಡಿಸಿ. ಕ್ಲಚ್ ಬದಲಿಸುವ ಕಾಲ ಬಂದಾಗ ಹೇಗೂ ಗೇರ್‌ಬಾಕ್ಸ್ ಇಳಿಯುತ್ತದೆ, ಆಗ ಸೀಲೂ ಬೇರಿಂಗೂ ಒಟ್ಟಿಗೆ ಮಾಡಿಸಿದರೆ ಇಳಿಸುವ ಕೂಲಿ ಒಂದೇ ಸಲ. ಕೊಳ್ಳುವ ಮುಂಚೆ ಮಾತ್ರ ನಿಮ್ಮ ಕಡೆಯ ಮೆಕ್ಯಾನಿಕ್ ಹತ್ತಿರ ಲಿಫ್ಟಿಗೆ ಎತ್ತಿಸಿ. ಅಡಿಭಾಗ ಆಗ ತಾನೇ ತೊಳೆದ ಹಾಗೆ ಫಳಫಳ ಅನ್ನುತ್ತಿದ್ದರೆ ನನಗಂತೂ ಅನುಮಾನ. ಅರ್ಧ ಗಂಟೆ ಓಡಿಸಿಕೊಂಡು ಬಂದು ಮತ್ತೆ ಎತ್ತಿಸಿ ನೋಡಿ. ಕಾಂಟ್ರಾಕ್ಟ್ ತಗೊಳ್ಳಲೇಬೇಕು ಅನ್ನಿಸಿದರೆ "ಏನೇನು ಸೇರಿದೆ" ಅನ್ನುವ ಪುಟ ಬಿಟ್ಟು "ಏನೇನು ಸೇರಿಲ್ಲ" ಅನ್ನುವ ಪುಟದಿಂದ ಓದಲು ಶುರು ಮಾಡಿ. ಇಷ್ಟು ಹಳೇ ಗಾಡಿಗೆ ನಾನಂತೂ ಇನ್ನು ಆ ದುಡ್ಡನ್ನು ಬೇರೆ ಖಾತೆಯಲ್ಲಿ ಹಾಕಿಡುತ್ತೇನೆ.

ನನ್ನದು ಏನಾಯಿತು ಅಂತ ಕೇಳುತ್ತೀರಿ. ಕೈಯಿಂದಲೇ ಕೊಟ್ಟು ಮಾಡಿಸಿದೆ, ಕ್ಲಚ್ಚೂ ಸೇರಿ 3,400 ಡಾಲರ್. ಅದೇ ಹದಿನಾಲ್ಕನೇ ಪುಟದ ಹಿಂದಿನ ಮಗ್ಗುಲಲ್ಲಿ, ಕಾಂಟ್ರಾಕ್ಟ್ ರದ್ದು ಮಾಡಿದರೆ ಉಳಿದ ತಿಂಗಳ ಲೆಕ್ಕದಲ್ಲಿ ದುಡ್ಡು ವಾಪಸ್ ಅಂತ ಸಣ್ಣ ಅಕ್ಷರದಲ್ಲಿತ್ತು. ಹದಿನಾಲ್ಕು ತಿಂಗಳು ಕಳೆದಿತ್ತು. 50 ಡಾಲರ್ ಶುಲ್ಕ ಮುರಿದುಕೊಂಡು ಸುಮಾರು 1,540 ಕಳಿಸಿದರು. ರಟ್ಟು ಇನ್ನೂ ಕಾರಿನ ಅಡಿಯಲ್ಲೇ ಇದೆ. ಮೊನ್ನೆ ಅದರ ಮೇಲೆ ಒಂದು ಒದ್ದೆ ಕಲೆ ಕಂಡು ಎದೆ ಧಸಕ್ಕೆಂದಿತು, ಬೆರಳಿಟ್ಟು ನೋಡಿದೆ, ಎಸಿ ನೀರು.