ಮುಳುಗಿತಂತೆ ಸೂರ್ಯ

ಕಚೇರಿಯಲ್ಲಿ ಪಕ್ಕದ ಮೇಜಿನವರು ಎರಡು ಸಲ ಮೂಗರಳಿಸಿದರು. ಮೂರನೆಯ ಸಲ ಕೇಳಿಯೇ ಬಿಟ್ಟರು: "ಏನ್ರೀ, ಮನೆಯಲ್ಲಿ ಹೋಮ ಮಾಡಿಸಿದಿರಾ?"

ಹೋಮವಲ್ಲ, ಆಗುಂಬೆ. ಹಿಂದಿರುಗಿ ನಾಲ್ಕು ದಿನವಾಯಿತು, ಅಂಗಿಯನ್ನು ಎರಡು ಬಾರಿ ಒಗೆದದ್ದೂ ಆಯಿತು. ಹೊಗೆ ಮಾತ್ರ ನೂಲಿನೊಳಗೆ ಸಂಸಾರ ಹೂಡಿಕೊಂಡು ಕುಳಿತಿದೆ. ಬಾಲ್ಕನಿಯಲ್ಲಿ ಬೋರಲು ಹಾಕಿದ ಬೂಟುಗಳು ಇನ್ನೂ ತೊಟ್ಟಿಕ್ಕುತ್ತಿವೆ. ಅವುಗಳೊಳಗೆ ಇಷ್ಟು ನೀರು ಹಿಡಿಯುತ್ತದೆಂದು ಮೊದಲೇ ಗೊತ್ತಿದ್ದರೆ ನೀರಿನ ತೊಟ್ಟಿ ಕಟ್ಟಿಸುವ ಖರ್ಚು ಉಳಿಯುತ್ತಿತ್ತು.

ತಪ್ಪು ನನ್ನದೇ. ಜುಲೈ ತಿಂಗಳಲ್ಲಿ ಬಾಡಿಗೆ ಅರ್ಧ ಎಂದು ಕಂಡ ಕೂಡಲೇ ಬುದ್ಧಿಯೂ ಅರ್ಧವಾಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಮಿಲಿಮೀಟರಿನಲ್ಲಿ ಹೇಳಿದರೆ ಮಳೆ ಯಾರಿಗೂ ಅರ್ಥವಾಗುವುದಿಲ್ಲ. ಎರಡು ಮಹಡಿಯ ಮನೆ ಮುಳುಗುವಷ್ಟು ನೀರು ಎಂದು ಬರೆಯಬೇಕಿತ್ತು ಪಠ್ಯಪುಸ್ತಕದವರು. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ನಾವು ಅದರ ನಟ್ಟನಡುವೆ ಮಡಚುವ ಕೊಡೆಯೊಂದನ್ನು ನಂಬಿ ಹೋದೆವು. ಬಸ್ಸಿಳಿದ ಎರಡನೇ ನಿಮಿಷಕ್ಕೆ ಕೊಡೆ ಕಮಲದಂತೆ ಮೇಲ್ಮುಖವಾಗಿ ಅರಳಿತು.

ಲಾಡ್ಜಿನ ಯಜಮಾನರು ಬಾಗಿಲು ತೆರೆದವರೇ ಕೇಳಿದ್ದು, "ಈಗ ಯಾಕೆ ಬಂದಿರಿ?" ನಾವು ಉತ್ತರ ಹುಡುಕುವುದರೊಳಗೆ ಅವರೇ ಹೇಳಿದರು: "ಡಿಸೆಂಬರಿನಲ್ಲಿ ಬರಬೇಕಿತ್ತು ಮಾರಾಯರೇ." ಅದು ಅವರ ಪಲ್ಲವಿ. ಕರೆಂಟು ಯಾವಾಗ ಬರುತ್ತದೆ ಎಂದರೆ, ಮರ ಬಿದ್ದಿದೆ, ಡಿಸೆಂಬರಿನಲ್ಲಿ ಹೀಗಾಗುವುದಿಲ್ಲ. ಹಾಸಿಗೆ ತಣ್ಣಗಿದೆ ಎಂದರೆ, ಡಿಸೆಂಬರಿನಲ್ಲೂ ತಣ್ಣಗೇ, ಆದರೆ ಒದ್ದೆ ಇರುವುದಿಲ್ಲ. ಜೋಗಿಗುಂಡಿ ಜಲಪಾತದ ದಾರಿ ಕೇಳಿದೆ.

"ಈಗ ಜಾರುತ್ತದೆ. ಡಿಸೆಂಬರಿನಲ್ಲಿ ಹೋಗಬಹುದಿತ್ತು."

"ಆಗ ನೀರಿರುತ್ತದೆಯೇ?"

"ನೀರು ಕಡಿಮೆ. ಆದರೆ ಹೋಗಬಹುದು."

ಅಲ್ಲಿ ಒದ್ದೆಯಾಗದ ವಸ್ತುವೇ ಇರಲಿಲ್ಲ. ಉಪ್ಪು ಭರಣಿಯಲ್ಲಿ ಪಾಯಸವಾಗಿತ್ತು. ಬೆಂಕಿಕಡ್ಡಿಯನ್ನು ಗೀರಿದರೆ ಅದರ ತಲೆ ಪೆಟ್ಟಿಗೆಗೆ ಮೆತ್ತಿಕೊಳ್ಳುತ್ತಿತ್ತು. ನಮ್ಮ ಬಟ್ಟೆಗಳನ್ನು ಅವರು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಹಾಕಿದರು. ಬಟ್ಟೆ ಒಣಗಲಿಲ್ಲ, ಹೊಗೆ ಕುಡಿಯಿತು. ಕಚೇರಿಯ ಹೋಮದ ಮೂಲ ಅದು.

ಎರಡನೆಯ ಸಂಜೆ ನನ್ನವಳು ಹಟ ಹಿಡಿದಳು. ಆಗುಂಬೆಗೆ ಬಂದು ಸೂರ್ಯಾಸ್ತ ನೋಡದೆ ಹೋಗುವುದೇ? ಬಂದ ಗಳಿಗೆಯಿಂದ ಸೂರ್ಯನ ಮುಖವನ್ನೇ ನೋಡಿರದ ನಾವು ಅವನ ಬೀಳ್ಕೊಡುಗೆಗೆ ಹೊರಟೆವು. ಯಜಮಾನರು, ಏನನ್ನಿಸಿತೋ, ತಮ್ಮ ಉದ್ದಕಾವಿನ ಕರಿಕೊಡೆ ಹಿಡಿದು ಜೊತೆಗೇ ಬಂದರು. ಘಾಟಿಯ ನೆತ್ತಿಯ ಆ ಕಟ್ಟೆಯ ಮೇಲೆ ನಾವು ಮೂವರು ಮತ್ತು ಒಂದು ನಾಯಿ. ಎದುರಿಗೆ ಸುಣ್ಣ ಬಳಿದ ಗೋಡೆಯಂಥ ಮಂಜು. ಚಾಚಿದ ಕೈಯ ಬೆರಳು ಕಂಡರೆ ಪುಣ್ಯ.

ಅವರು ಕೊಡೆ ಮಡಚಿದರು, ಅದರ ಮೊನೆಯನ್ನೇ ಕೋಲಾಗಿಸಿ ಆ ಬಿಳುಪಿನ ಮೇಲೆ ಪಾಠ ಶುರು ಮಾಡಿದರು. "ಇಲ್ಲಿ ಕೆಳಗೆ ಘಾಟಿ ರಸ್ತೆ, ಹದಿನಾಲ್ಕು ತಿರುವು. ಅಗೋ ಅಲ್ಲಿ ಬಯಲು. ಅದರಾಚೆ ಗೆರೆ ಎಳೆದ ಹಾಗೆ ಕಾಣುವುದು ಅರಬ್ಬೀ ಸಮುದ್ರ." ನಾವು ಹೂಂಗುಟ್ಟುತ್ತಾ ಇಲ್ಲದ ಗೆರೆಯನ್ನು ನೋಡಿದೆವು. "ಅಲ್ಲಲ್ಲ, ನೀವು ನೋಡುತ್ತಿರುವುದು ಡಿಸೆಂಬರಿನ ಜಾಗ. ಆಗ ಸೂರ್ಯ ಎಡಕ್ಕೆ ಇಳಿಯುತ್ತಾನೆ. ಈಗ ಬಡಗಣ ದಿಕ್ಕಿಗೆ ಸರಿದಿದ್ದಾನೆ, ಸ್ವಲ್ಪ ಬಲಕ್ಕೆ ತಿರುಗಿ." ನಾವು ತಪ್ಪಾದ ಮಂಜಿನಿಂದ ಸರಿಯಾದ ಮಂಜಿಗೆ ತಿರುಗಿದೆವು. ನಾಯಿಯೂ ತಿರುಗಿತೆಂದು ನನ್ನವಳು ಇಂದಿಗೂ ಆಣೆ ಮಾಡುತ್ತಾಳೆ.

"ಈಗ ಕೆಂಪೇರುತ್ತಿರುತ್ತದೆ," ಎಂದರು. ಕಿವಿಯೊಳಗೆ ನೀರು ಇಳಿಯುತ್ತಿತ್ತು. "ಈಗ ಮೊಟ್ಟೆಯ ಆಕಾರ. ಈಗ ಮಡಕೆ." ಅವರು ಗಡಿಯಾರ ನೋಡಿಕೊಂಡರು, ಏಳಾಗಿತ್ತು. "ಮುಳುಗಿತು."

ನಾನು ಫೋಟೋ ತೆಗೆದೆ. ಮೊಬೈಲಿನಲ್ಲಿ ಈಗಲೂ ಇದೆ: ಒಂದು ಬಿಳಿ ಚೌಕ, ಮೂಲೆಯಲ್ಲಿ ಕೊಡೆಯ ಮೊನೆ.

ಹಿಂದಿರುಗುವಾಗ ಯಜಮಾನರು ಮೆಲ್ಲಗೆ ಹೇಳಿದರು, "ನಾನೂ ನೋಡದೆ ಎರಡು ತಿಂಗಳಾಯಿತು ನೋಡಿ." ಹಂಚಿನ ಮೇಲೆ ರಾತ್ರಿಯಿಡೀ ಸುರಿಯುವ ಮಳೆಯನ್ನು ಕೇಳುತ್ತಾ, ಆ ಎಂಟು ಖಾಲಿ ಕೋಣೆಗಳ ನಡುವೆ ಅವರು ಸಂಜೆಗಳನ್ನು ಹೇಗೆ ಕಳೆಯುತ್ತಾರೆ ಎಂದು ನಾನು ಆವರೆಗೆ ಯೋಚಿಸಿರಲಿಲ್ಲ. ಗಡಿಯಾರ ನೋಡಿ, ಮನಸ್ಸಿನಲ್ಲೇ ದಿನಾ ಒಂದು ಸೂರ್ಯನನ್ನು ಮುಳುಗಿಸುತ್ತಾರೇನೋ.

ಕನಿಕರ ಹೆಚ್ಚು ಹೊತ್ತು ಉಳಿಯಲಿಲ್ಲ. ಕಾಲುಚೀಲ ಬಿಚ್ಚಿದರೆ ಒಳಗೆಲ್ಲ ಕೆಂಪು. ಕಾಣದ ಸೂರ್ಯಾಸ್ತ ನನ್ನ ಹಿಮ್ಮಡಿಯಲ್ಲಿ ಆಗಿತ್ತು. ಉಂಬಳ ಕಚ್ಚಿದರೆ ನೋವಿಲ್ಲ, ಅದೇ ಅದರ ಮೋಸ. ರಕ್ತ ಹೆಪ್ಪುಗಟ್ಟದಂತೆ ಅದರ ಜೊಲ್ಲಿನಲ್ಲೇ ಮದ್ದಿದೆಯಂತೆ. ಅದು ಹೊಟ್ಟೆ ತುಂಬಿ ಉದುರಿ ಹೋದ ಮೇಲೂ ರಕ್ತ ಒಸರುತ್ತಲೇ ಇತ್ತು. ಹಾಗೆ ನೋಡಿದರೆ, ಈಗ ಯಾಕೆ ಬಂದಿರಿ ಎಂದು ಕೇಳದೆ ನಮ್ಮನ್ನು ಬರಮಾಡಿಕೊಂಡ ಜೀವಿ ಇಡೀ ಆಗುಂಬೆಯಲ್ಲಿ ಅದೊಂದೇ. ಯಜಮಾನರು ಸುಣ್ಣ ತಂದುಕೊಟ್ಟರು. ಡಿಸೆಂಬರಿನಲ್ಲಿ ಉಂಬಳ ಇರುವುದಿಲ್ಲ ಎಂದೂ ಹೇಳಿದರು.

ಹೋಮದ ಪ್ರಶ್ನೆ ಬಂದ ಮಧ್ಯಾಹ್ನವೇ ಅವರಿಗೆ ಫೋನ್ ಮಾಡಿದೆ. ಆಗಲಿ, ಡಿಸೆಂಬರಿನ ಕೊನೆಯ ವಾರ ಒಂದು ಕೋಣೆ ಕೊಡಿ ಎಂದೆ. ಹಿನ್ನೆಲೆಯಲ್ಲಿ ಮಳೆ ಧೋ ಎನ್ನುತ್ತಿತ್ತು.

"ಅಯ್ಯೋ, ಅದೆಲ್ಲ ಆಗಲೇ ಭರ್ತಿ ಮಾರಾಯರೇ," ಎಂದರು. "ಈಗ ಬನ್ನಿ, ಇಡೀ ಲಾಡ್ಜು ಖಾಲಿ ಇದೆ."